ಪಾಲಕ್ ಎಲೆಯ ಗುಟ್ಟು ಬಿಚ್ಚಿದ ಚಿನ್ನದ ಕಣ

ಒಂದು ಪಾಲಕ್ ಎಲೆ. ಹರಿದಿಲ್ಲ, ಅರೆದಿಲ್ಲ. ಅದರ ಮೇಲೆ ಲೇಸರ್ ಬೆಳಕು ಬೀಳುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಬೆಟ್ಟಸಾಲಿನಂಥ ಗೆರೆ ಮೂಡುತ್ತದೆ. ಯಾವ ಶಿಖರ ಎಲ್ಲೆದ್ದಿದೆ ಎಂದು ನೋಡಿದರೆ ಸಾಕು, ಎಲೆಗೆ ಹೊಡೆದ ಔಷಧಿ ಯಾವುದೆಂದು ತಿಳಿದುಬಿಡುತ್ತದೆ!

ಪ್ರಯೋಗಾಲಯಗಳ ವಾಡಿಕೆಯ ದಾರಿ ಹೀಗಿಲ್ಲ. ತರಕಾರಿ ಕತ್ತರಿಸಿ, ನುಣ್ಣಗೆ ರುಬ್ಬಿ, ಅಸಿಟೋನೈಟ್ರೈಲ್ ದ್ರಾವಕದಲ್ಲಿ ಕಲಕಿ, ತಿಳಿ ತೆಗೆದು ಯಂತ್ರಕ್ಕೆ ಕೊಡಬೇಕು. ಉತ್ತರವೇನೋ ಕರಾರುವಾಕ್ಕು. ಅಷ್ಟರಲ್ಲಿ ತರಕಾರಿಯೇ ಉಳಿದಿರುವುದಿಲ್ಲ.

ಬೆಳಕಿನ ದಾರಿ ತೆರೆದವರು ನಮ್ಮ ಸಿ.ವಿ. ರಾಮನ್, 1928ರಲ್ಲಿ, ಕೋಲ್ಕತ್ತದಲ್ಲಿ. ಅಣುವಿಗೆ ತಾಗಿ ಚದುರಿದ ಬೆಳಕಿನ ಒಂದು ಕಿರುಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತೆಂಬುದರಲ್ಲೇ ಆ ಅಣುವಿನ ಗುರುತು! ಆದರೆ ಆ ಪಾಲು ಹೆಚ್ಚುಕಡಿಮೆ ಕೋಟಿಗೊಂದು. ಎಲೆಗಂಟಿದ ಲವಲೇಶ ವಿಷ ಅದರಲ್ಲಿ ಕಾಣುವುದುಂಟೇ?

ಕಾಣಿಸಿದ್ದು ಲೋಹ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒರಟು ಮಾಡಿದ ಬೆಳ್ಳಿಯ ಮೇಲೆ ಕೂತ ಪಿರಿಡಿನ್ ಅಣುಗಳು ಅನಿರೀಕ್ಷಿತವಾಗಿ ಪ್ರಬಲ ಸಂಕೇತ ಕೊಟ್ಟವು. ಬೆಳ್ಳಿ, ಚಿನ್ನದ ಅತಿಸಣ್ಣ ಉಬ್ಬುತಗ್ಗುಗಳ ಮೇಲೆ ಲೇಸರ್ ಬಿದ್ದೊಡನೆ ಅಲ್ಲಿನ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುತ್ತವೆ. ಅಂಟಿ ಕೂತ ಅಣುವಿನ ಸಂಕೇತ ಲಕ್ಷಾಂತರ ಪಟ್ಟು ಹಿಗ್ಗುತ್ತದೆ! 2010ರಲ್ಲಿ ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯದ ತಂಡ ಚಿನ್ನದ ನ್ಯಾನೋ ಕಣಗಳಿಗೆ ಸಿಲಿಕಾದ ತೆಳುಹೊದಿಕೆ ತೊಡಿಸಿ ಕಿತ್ತಳೆ ಸಿಪ್ಪೆಯ ಮೇಲೆ ಉದುರಿಸಿತು. ಸಿಪ್ಪೆ ಸುಲಿಯದೆಯೇ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಿಕ್ಕಿಬಿದ್ದಿತು!

ಬೆರಗು ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪಾಲಕ್ ಎಲೆಯ ಒಳಕ್ಕೇ ಇಳಿಯುವ ಚಿನ್ನದ ಕಣಗಳನ್ನು ಬಳಸಿದರು. ಮೇಲಿನ ಔಷಧಿ ತೆಗೆದ ಮೇಲೂ ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕ ಒಳಗಿನಿಂದ ತನ್ನ ಶಿಖರ ತೋರಿಸಿತು. ಫರ್ಬಾಮ್ ಎಂಬ ಇನ್ನೊಂದು ಶಿಲೀಂಧ್ರನಾಶಕ ತೋರಿಸಲಿಲ್ಲ, ಅದು ಹೊರಗೇ ನಿಲ್ಲುವ ಜಾತಿಯದು. ತೊಳೆದರೆ ಯಾವುದು ಹೋಗುತ್ತದೆ, ಯಾವುದು ಒಳಗೇ ಠಿಕಾಣಿ ಹೂಡಿದೆ ಎಂದು ಎಲೆಯೇ ಹೇಳಿದಂತಾಯಿತು!

ತೊಡಕುಗಳೂ ಇವೆ. ಲೇಸರ್ ತಾಗಿದಾಗ ಎಲೆಯ ಪತ್ರಹರಿತ್ತು ತಾನೇ ಹೊಳೆದು ಸಂಕೇತವನ್ನು ಮಸುಕಾಗಿಸಬಲ್ಲದು. ಚಿನ್ನದ ಕಣ ಮೆತ್ತಿದ ಎಲೆ ಹುಳಿಗೆ ಹಾಕುವಂಥದ್ದೂ ಅಲ್ಲ. ಆದರೂ ನೋಡಿ: ರುಬ್ಬಿದ ಎಲೆ ಒಂದೇ ಸಲ ಉತ್ತರ ಕೊಡುತ್ತದೆ. ಇಡಿಯಾಗಿರುವ ಎಲೆಯನ್ನು ಇಂದು, ನಾಳೆ, ನಾಡಿದ್ದು ಕೇಳಬಹುದು. ವಿಷ ಎಷ್ಟು ಹೊತ್ತಿಗೆ ಒಳಗಿಳಿಯಿತು, ಎಂದಿಗೆ ಕರಗಿತು ಎಂಬ ಪೂರ್ತಿ ಕಥೆ ಒಂದೇ ಎಲೆಯಿಂದ!