ದೋಣಿಗೊಂದು ಹೊದಿಕೆ

ಮೀನಿಗೆ ಕೊಡೆ ಹಿಡಿಯಹೊರಟವನನ್ನು ಕಂಡರೆ ನಗದವರಾರು? ಹಾಗಿರುವಾಗ, ಹಗಲಿರುಳೂ ನೀರಿನಲ್ಲಿಯೇ ಬಾಳುವ ದೋಣಿಗೆ ಮಳೆಯಿಂದ ಮರೆಯೇತಕ್ಕೆ ಎಂದು ವಾಚಕರು ಕೇಳಬಹುದು. ಆದರೂ ಮಳೆಗಾಲದ ಮೊದಲಲ್ಲಿ ನಮ್ಮ ಕರಾವಳಿಯಲ್ಲಿ ಸುತ್ತಾಡಿದವರು, ದಡಕ್ಕೆ ಎಳೆದಿಟ್ಟ ದೋಣಿಗಳ ಮೇಲೆ ಹೆಣೆದ ತೆಂಗಿನ ಮಡಲನ್ನೋ ನೀಲಿ ಬಣ್ಣದ ಟಾರ್ಪಾಲನ್ನೋ ಹೊದಿಸಿರುವುದನ್ನು ಕಂಡಿರುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ ೧ರಿಂದ ಜುಲೈ ೩೧ರವರೆಗೆ, ಅಂದರೆ ೬೧ ದಿನಗಳ ಕಾಲ, ನಿಷೇಧವುಂಟು. ದೋಣಿಗೆ ದೊರೆಯುವ ಈ ವಿಶ್ರಾಂತಿಯೇ ಅದರ ಪಾಲಿಗೆ ಅಪಾಯದ ಕಾಲವೂ ಹೌದು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮೀನುಗಾರರ ಮನೆಯ ಹುಡುಗನೊಬ್ಬನಿದ್ದ. ಆಗಸ್ಟಿನ ಒಂದು ದಿನ ಪಾಠ ಮುಗಿದ ಮೇಲೆ ಬಂದು, “ಸಾರ್, ನಮ್ಮ ದೋಣಿಯ ಮೇಲೆ ಹೊಸ ಟಾರ್ಪಾಲು ಹಾಕಿದ್ದೆವು. ಅದರಲ್ಲಿ ಸೂಜಿಮೊನೆಯಷ್ಟೂ ತೂತಿಲ್ಲ. ಗಾಳಿಯೂ ನುಗ್ಗದ ಹಾಗೆ ಅಪ್ಪ ಸುತ್ತಲೂ ಬಿಗಿದು ಕಟ್ಟಿದ್ದರು. ಬಿಚ್ಚಿ ನೋಡಿದರೆ ಒಳಗೆಲ್ಲ ಒದ್ದೆ, ಹಲಗೆ ಮೆತ್ತಗಾಗಿದೆ. ನೀರು ಎಲ್ಲಿಂದ ಬಂತು?” ಎಂದು ಕೇಳಿದ. ಎರಡು ಹಲಗೆಗಳನ್ನು ಬದಲಾಯಿಸಬೇಕಾಯಿತು. ಋತುವಿನ ಮೊದಲ ವಾರಗಳ ದುಡಿಮೆಯೆಲ್ಲ ಆ ದುರಸ್ತಿಗೇ ಸಂದಿತು. ಅವನ ಪ್ರಶ್ನೆಗೆ ಉತ್ತರ ಅವನ ಮಾತಿನಲ್ಲಿಯೇ ಅಡಗಿತ್ತು. ಗಾಳಿಯೂ ನುಗ್ಗದಂತೆ ಬಿಗಿದು ಕಟ್ಟಿದ್ದರಿಂದಲೇ ಒಳಗೆ ನೀರು ನಿಂತಿತ್ತು! ಇದು ಹೇಗೆಂಬುದನ್ನು ಪರಿಶೀಲಿಸೋಣ.

ಕಡಲ ನೀರೂ ಮಳೆಯ ನೀರೂ

ಮರವನ್ನು ಕೊಳೆಯಿಸುವುದು ನೀರಲ್ಲ. ಒಂದು ಜಾತಿಯ ಬೂಷ್ಟು. ಅದು ಬೆಳೆಯಲು ತೇವ, ಗಾಳಿ, ಹದವಾದ ಬಿಸುಪು ಈ ಮೂರೂ ಬೇಕು. ಮರದಲ್ಲಿರುವ ನೀರು ಅದರ ಒಣತೂಕದ ನೂರಕ್ಕೆ ೨೦ ಪಾಲಿಗಿಂತ ಕಡಿಮೆಯಿದ್ದರೆ ಬೂಷ್ಟಿಗೆ ನೆಲೆಯಿಲ್ಲ. ಕಡಲಿನಲ್ಲಿ ಮುಳುಗಿರುವ ಹಲಗೆಯಲ್ಲಿ ನೀರು ತುಂಬಿಕೊಂಡು ಗಾಳಿಗೆ ಎಡೆಯಿರುವುದಿಲ್ಲ. ಜೊತೆಗೆ ಉಪ್ಪೂ ಬೂಷ್ಟನ್ನು ತಡೆಯುತ್ತದೆ. ಮಳೆಯ ನೀರಿನಲ್ಲಾದರೋ ಉಪ್ಪಿಲ್ಲ. ಅದು ಹಲಗೆಗಳ ಸಂದಿಗಳಲ್ಲಿ, ಮೊಳೆಗಳ ಸುತ್ತಲಲ್ಲಿ ಇಳಿದು ನಿಲ್ಲುತ್ತದೆ. ಗಾಳಿ ಅಲ್ಲಿ ಬೇಕಾದಷ್ಟಿದೆ. ಸಮುದ್ರಕ್ಕೆ ಅಂಜದ ದೋಣಿ ಮಳೆಗೆ ಅಂಜುವುದು ಇದರಿಂದಲೇ. ಮಂಗಳೂರಿನಲ್ಲಿ ಜುಲೈ ತಿಂಗಳೊಂದರಲ್ಲೇ ಸುಮಾರು ೧,೦೦೦ ಮಿಲಿಮೀಟರು ಮಳೆ ಬೀಳುತ್ತದೆ. ೧೦ ಚದರ ಮೀಟರು ಬಾಯಿಯುಳ್ಳ ತೆರೆದ ದೋಣಿಯೊಳಗೆ ಆ ಲೆಕ್ಕದಲ್ಲಿ ಬೀಳುವ ನೀರು ೧೦,೦೦೦ ಲೀಟರು! ಆದುದರಿಂದ ಹೊದಿಕೆ ಬೇಕೇ ಬೇಕು.

ಹೊದಿಕೆಯ ಒಳಗಿನ ಮಳೆ

ಆದರೆ ಹೊರಗಿನ ನೀರನ್ನು ತಡೆದರೆ ಸಾಲದು. ಒಳಗಿನ ನೀರಿಗೆ ಹಾದಿ ಕೊಡಬೇಕು. ಎಷ್ಟೇ ಒಣಗಿದಂತೆ ಕಂಡರೂ ಹಲಗೆ, ಹಗ್ಗ, ಬಲೆಗಳಲ್ಲಿ ತೇವವಿದ್ದೇ ಇರುತ್ತದೆ. ಮಳೆ ಬಿಟ್ಟು ಬಿಸಿಲು ಬಂದಾಗ ಟಾರ್ಪಾಲಿನ ಕೆಳಗಿನ ಗಾಳಿ ಕಾಯುತ್ತದೆ, ತೇವ ಆವಿಯಾಗಿ ಆ ಗಾಳಿಯನ್ನು ಸೇರುತ್ತದೆ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲುದು; ೨೪ ಡಿಗ್ರಿಯಲ್ಲಿ ಸುಮಾರು ೨೨ ಗ್ರಾಂ ಮಾತ್ರ. ಮತ್ತೆ ಮಳೆ ಸುರಿದು ಟಾರ್ಪಾಲು ತಣ್ಣಗಾದೊಡನೆ ಉಳಿದ ೮ ಗ್ರಾಂ ಹನಿಗಳಾಗಿ ಅದರ ಒಳಮೈಯಲ್ಲಿ ಕೂಡುತ್ತದೆ, ದೋಣಿಯೊಳಗೆ ತೊಟ್ಟಿಕ್ಕುತ್ತದೆ. ಅನ್ನದ ಪಾತ್ರೆಯ ಮುಚ್ಚಳವನ್ನು ಎತ್ತಿ ನೋಡಿದವರಿಗೆ ಇದು ಹೊಸದಲ್ಲ. ಮರುದಿನ ಅದೇ ನೀರು ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಹೊರಗೆ ಹೋಗಲು ಹಾದಿ ಮಾತ್ರ ಇಲ್ಲ. ಹೀಗೆ ಹಲಗೆ ಎರಡು ತಿಂಗಳೂ ಒದ್ದೆಯಾಗಿರುತ್ತದೆ.

ಹೆಣೆದ ಮಡಲಿನ ಗುಣವನ್ನು ಈಗ ತಿಳಿಯಬಹುದು. ಇಳಿಜಾರಾಗಿ, ಒಂದರ ಮೇಲೊಂದು ಚಾಚಿದ ಗರಿಗಳ ಮೇಲೆ ಮಳೆನೀರು ಜಾರಿ ಹೋಗುತ್ತದೆ. ಗರಿಗಳ ನಡುವಿನ ಸಂದಿಯಲ್ಲಿ ಆವಿ ಹೊರಬೀಳುತ್ತದೆ. ಹೊಸ ಹೊದಿಕೆಯೂ ಈ ಎರಡು ಕೆಲಸಗಳನ್ನು ಮಾಡಬೇಕು.

ಬಟ್ಟೆಯ ಆಯ್ಕೆ

ರಂಧ್ರಗಳುಳ್ಳ ಬಟ್ಟೆ ನೀರನ್ನು ತಡೆದು ಆವಿಯನ್ನು ಬಿಡುವುದು ಸಾಧ್ಯವೆ? ಸಾಧ್ಯವುಂಟು. ನೂಲಿಗೆ ಮೇಣದಂಥ ವಸ್ತುವನ್ನು ಸವರಿದರೆ ನೀರು ಅದಕ್ಕೆ ಅಂಟುವುದಿಲ್ಲ. ಆಗ ನೀರಿನ ಮೇಲ್ಮೈ ಎಳೆತವು ಪ್ರತಿಯೊಂದು ರಂಧ್ರದ ಬಾಯಿಗೂ ಒಂದು ಪರದೆಯನ್ನು ಕಟ್ಟಿದಂತೆ ನಿಲ್ಲುತ್ತದೆ. ರಂಧ್ರದ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಪಾಲಿದ್ದರೆ, ಮೇಣದ ಬಟ್ಟೆ ಸುಮಾರು ೧೦ ಸೆಂಟಿಮೀಟರು ಎತ್ತರದ ನೀರಿನ ಒತ್ತಡವನ್ನು ತಾಳಬಲ್ಲುದು; ರಂಧ್ರ ಅದರ ಅರ್ಧವಾದರೆ ಅದರ ಎರಡರಷ್ಟನ್ನು. ಆವಿಯಲ್ಲಾದರೋ ನೀರಿನ ಅಣುಗಳು ಬಿಡಿಬಿಡಿಯಾಗಿರುತ್ತವೆ. ಒಂದೊಂದರ ಅಗಲ ಮಿಲಿಮೀಟರಿನ ಸುಮಾರು ಮೂವತ್ತು ಲಕ್ಷದಲ್ಲೊಂದು ಪಾಲು. ಅವಕ್ಕೆ ಆ ರಂಧ್ರ ಹೆಬ್ಬಾಗಿಲಿದ್ದಂತೆ.

ಹತ್ತಿಯ ಕ್ಯಾನ್ವಾಸು ಈ ಬಗೆಯದು. ನೆನೆದಾಗ ಅದರ ನೂಲು ಉಬ್ಬಿ ರಂಧ್ರಗಳು ಇನ್ನಷ್ಟು ಕಿರಿದಾಗುತ್ತವೆ. ಆದರೆ ಹತ್ತಿಯೂ ಬೂಷ್ಟಿಗೆ ಆಹಾರವೇ. ಒದ್ದೆಯಾಗಿ ಮಡಿಸಿಟ್ಟರೆ ಕೊಳೆಯುತ್ತದೆ. ೧೮೨೩ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರನ್ನು ಸೇರಿಸಿ ನೀರು ಕಿಂಚಿತ್ತೂ ಒಸರದ ಬಟ್ಟೆಗೆ ಪೇಟೆಂಟು ಪಡೆದ. ಅದರಲ್ಲಿ ಆವಿಗೂ ಹಾದಿಯಿಲ್ಲ. ಇಂದಿನ ಪಾಲಿಥೀನ್ ಟಾರ್ಪಾಲು, ಪಿ.ವಿ.ಸಿ. ಲೇಪಿಸಿದ ಬಟ್ಟೆ ಇವೂ ಅದೇ ಗುಣದವು. ಅಕ್ರಿಲಿಕ್ ಬಟ್ಟೆ, ನೀರನ್ನು ಹಿಮ್ಮೆಟ್ಟಿಸುವಂತೆ ಸಂಸ್ಕರಿಸಿದ ಪಾಲಿಎಸ್ಟರ್ ಬಟ್ಟೆ ಇವು ಆವಿಯನ್ನು ಬಿಡುತ್ತವೆ, ಕೊಳೆಯುವುದಿಲ್ಲ. ಬೆಲೆ ಮಾತ್ರ ಹೆಚ್ಚು.

ಬಿಸಿಲೂ ಹೊದಿಕೆಯ ಶತ್ರುವೇ. ಸೂರ್ಯನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದುದ್ದನೆಯ ಅಣುಸರಪಳಿಗಳನ್ನು ಕಡಿಯುತ್ತವೆ. ಆಗ ಟಾರ್ಪಾಲು ಹಪ್ಪಳದಂತೆ ಗರಿಮುರಿಯಾಗಿ ಹರಿಯುತ್ತದೆ. ಈ ಕಿರಣಗಳನ್ನು ಅಕ್ರಿಲಿಕ್ ಚೆನ್ನಾಗಿ ತಾಳುತ್ತದೆ, ನೈಲಾನ್ ತಾಳದು. ಆದುದರಿಂದ ಕೊಳ್ಳುವಾಗ ಬಟ್ಟೆಯ ದಪ್ಪವನ್ನಷ್ಟೇ ಅಲ್ಲ, ಬಿಸಿಲನ್ನು ತಾಳಲು ಅದಕ್ಕೆ ತಕ್ಕ ಸಂಸ್ಕಾರವಾಗಿದೆಯೆ ಎಂಬುದನ್ನೂ ವಿಚಾರಿಸಬೇಕು.

ಕಟ್ಟುವ ಕ್ರಮ

ಬೆಲೆಬಾಳುವ ಬಟ್ಟೆಯನ್ನು ಕೊಳ್ಳಲಾಗದವರು ನಿರಾಶರಾಗಬೇಕಿಲ್ಲ. ಸರಿಯಾಗಿ ಕಟ್ಟಿದರೆ ಸಾಧಾರಣ ಟಾರ್ಪಾಲೂ ದೋಣಿಯನ್ನು ಕಾಯುತ್ತದೆ. ದೋಣಿಯ ಉದ್ದಕ್ಕೂ ಒಂದು ಬಿದಿರನ್ನು ಎತ್ತರದಲ್ಲಿ ನಿಲ್ಲಿಸಿ, ಮನೆಯ ಮಾಡಿನಂತೆ ಎರಡು ಬದಿಗೂ ಇಳಿಜಾರು ಮಾಡಬೇಕು. ಬಿದಿರಿಲ್ಲದೆ ಜೋಲುಬಿಟ್ಟ ಟಾರ್ಪಾಲಿನಲ್ಲಿ ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಸರಾಸರಿ ೧೦ ಸೆಂಟಿಮೀಟರು ಆಳ ನೀರು ನಿಂತರೆ ಅದರ ತೂಕ ೨೦೦ ಕಿಲೋಗ್ರಾಂ. ಎಂಥ ಬಟ್ಟೆಯೂ ಅದಕ್ಕೆ ಬಗ್ಗಲೇಬೇಕು. ಬದಿಗಳು ದೋಣಿಯ ಅಂಚನ್ನು ದಾಟಿ ಕೆಳಗಿಳಿದಿರಲಿ. ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ, ಎರಚಲು ಒಳಗೆ ಬೀಳದಷ್ಟು ಚಾಚಿದ ಮಾಡಿನ ಕೆಳಗೆ, ಗಾಳಿ ಹಾಯಲು ಎಡೆಯಿರಲಿ. ದೋಣಿಯ ತಳದ ಬಿರಡೆಯನ್ನು ತೆಗೆದಿಟ್ಟರೆ ಒಳಸೇರಿದ ಅಲ್ಪಸ್ವಲ್ಪ ನೀರೂ ಹರಿದುಹೋಗುತ್ತದೆ.

ಗಾಳಿಯ ಬಲವನ್ನೂ ಲೆಕ್ಕ ಹಾಕಬೇಕು. ಗಂಟೆಗೆ ೫೪ ಕಿಲೋಮೀಟರು ವೇಗದ ಗಾಳಿ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು ೧೪ ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಆದುದರಿಂದ ಒಂದೆರಡು ಗಂಟುಗಳನ್ನೇ ನಂಬದೆ ಹಲವು ಕಡೆ ಹಗ್ಗ ಕಟ್ಟಬೇಕು. ಸಡಿಲವಾದ ಬಟ್ಟೆ ಪಟಪಟನೆ ಬಡಿದು, ಉಜ್ಜಿದಲ್ಲೆಲ್ಲ ತೂತು ಬೀಳುತ್ತದೆ. ಚೂಪಾದ ಮೂಲೆಗಳಿಗೆ ಹಳೆಯ ಗೋಣಿಯನ್ನು ಸುತ್ತುವುದು ಲೇಸು.

ಹೊದಿಕೆಯ ಆರೈಕೆ

ಋತು ಮುಗಿದ ಮೇಲೆ ಹೊದಿಕೆಯನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಗಾಳಿಯ ತೇವವನ್ನು ಹೀರಿ ಬಟ್ಟೆಯನ್ನು ಒಣಗಗೊಡದು. ಬಿಸಿನೀರು, ಖಾರವಾದ ಮಾರ್ಜಕದ ಪುಡಿ, ಬಿಳುಪುಕಾರಕ ಇವು ಬೇಡ. ಏಕೆಂಬುದನ್ನು ನೀವೇ ಪರೀಕ್ಷಿಸಿ ನೋಡಬಹುದು. ತೆಳ್ಳನೆಯ ಹತ್ತಿಯ ಬಟ್ಟೆಗೆ ಮೇಣದ ಬತ್ತಿಯನ್ನು ಚೆನ್ನಾಗಿ ಉಜ್ಜಿ, ಲೋಟದ ಬಾಯಿಗೆ ತುಸು ತಗ್ಗಾಗುವಂತೆ ಕಟ್ಟಿ, ಮೆಲ್ಲನೆ ಸ್ವಲ್ಪ ನೀರು ಹಾಕಿ. ನೀರು ಮೇಲೆಯೇ ನಿಲ್ಲುತ್ತದೆ. ಈಗ ಸಾಬೂನಿನ ನೀರನ್ನು ಕೆಲವು ತೊಟ್ಟು ಬಿಡಿ. ಸ್ವಲ್ಪ ಹೊತ್ತಿನಲ್ಲಿ ಬಟ್ಟೆ ನೆನೆದು ಲೋಟದೊಳಗೆ ಹನಿ ಬೀಳತೊಡಗುತ್ತದೆ. ಸಾಬೂನು ನೀರಿನ ಮೇಲ್ಮೈ ಎಳೆತವನ್ನು ಕುಗ್ಗಿಸಿ ರಂಧ್ರಗಳ ಪರದೆಯನ್ನು ಹರಿದುಹಾಕಿತು. ಸೌಮ್ಯವಾದ ಸಾಬೂನನ್ನು ಬಳಸಿದರೂ ಅದು ಪೂರ್ತಿ ಹೋಗುವಂತೆ ಜಾಲಿಸಬೇಕೆನ್ನುವುದು ಇದಕ್ಕಾಗಿಯೇ. ಬಳಿಕ ಪೂರ್ಣವಾಗಿ ಒಣಗಿಸಿ ಮಡಿಸಿಡಬೇಕು; ಅಂಗೈಯಗಲದ ಹರಿತವನ್ನು ಅಂದೇ ಹೊಲಿದರೆ ಮಾರನೆಯ ಮಳೆಗಾಲಕ್ಕೆ ಅದು ಮಾರುದ್ದವಾಗದು.

ಮರುವರ್ಷ ಆ ಹುಡುಗನ ಮನೆಯವರು ಹಳೆಯ ಟಾರ್ಪಾಲನ್ನೇ ಬಿದಿರಿನ ಮೇಲೆ ಹಾಕಿ, ಎರಡು ತುದಿಗಳನ್ನೂ ತೆರೆದಿಟ್ಟರು. ನೆರೆಹೊರೆಯವರು, “ಬಾಗಿಲಿಲ್ಲದ ಮನೆ ಕಟ್ಟಿದಿರಲ್ಲ!” ಎಂದು ನಕ್ಕರಂತೆ. ಆಗಸ್ಟಿನಲ್ಲಿ ಹೊದಿಕೆ ತೆಗೆದಾಗ ಹಲಗೆಗಳು ಒಣಗಿದ್ದವು. ಒಂದು ಹಲಗೆಯನ್ನೂ ಬದಲಾಯಿಸದೆ ದೋಣಿ ಮೊದಲ ದಿನವೇ ಕಡಲಿಗಿಳಿಯಿತು.