ಮಾತನಾಡುವ ಗಣಕದೊಡನೆ ಪಾಠಾಭ್ಯಾಸ



ಕೆಲವು ತಿಂಗಳ ಹಿಂದೆ ನಮ್ಮ ಸ್ಟುಡಿಯೋದಲ್ಲಿ ನಿಮ್ಮಂಥ ವಿದ್ಯಾರ್ಥಿಗಳೊಡನೆ ವಿಜ್ಞಾನ ಸಂವಾದವೊಂದರ ಚಿತ್ರೀಕರಣ ನಡೆದಿತ್ತು. ವಿಷಯ, ಅಡುಗೆಮನೆಯ ಭೌತಶಾಸ್ತ್ರ. ‘ಪ್ರೆಷರ್ ಕುಕ್ಕರಿನಲ್ಲಿ ಅನ್ನ ಬೇಗ ಬೇಯುವುದೇಕೆ?’ ಎಂಬ ಪ್ರಶ್ನೆಗೆ ದ್ವಿತೀಯ ಪಿ.ಯು. ತರಗತಿಯ ಹುಡುಗಿಯೊಬ್ಬಳು ಎಲ್ಲಿಯೂ ತಡವರಿಸದೆ ಉತ್ತರ ಕೊಟ್ಟಳು. ಆವಿಯ ಒತ್ತಡ, ಕುದಿಬಿಂದುವಿನ ಏರಿಕೆ, ಸುಮಾರು 120 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಎಲ್ಲವೂ ಅದರಲ್ಲಿದ್ದವು. ಅತಿಥಿಯಾಗಿ ಬಂದಿದ್ದ ಉಪನ್ಯಾಸಕರು ತಲೆದೂಗಿ, ‘ಹಾಗಾದರೆ ತೆರೆದ ಪಾತ್ರೆಯಲ್ಲಿ ಅನ್ನಕ್ಕಿಟ್ಟರೆ ಮಡಿಕೇರಿಯಲ್ಲಿ ಬೇಗ ಬೇಯುತ್ತದೋ, ಮಂಗಳೂರಿನಲ್ಲೋ? ಹೇಳಮ್ಮ’ ಎಂದರು. ಹುಡುಗಿ ಸುಮ್ಮನಾದಳು. ನಾವು ಕ್ಯಾಮೆರಾ ನಿಲ್ಲಿಸಬೇಕಾಯಿತು.

ಚಹಾ ವಿರಾಮದಲ್ಲಿ ಅವಳೇ ಬಂದು ಹೇಳಿದಳು: ‘ಸಾರ್, ಅದು ನಾನು ಬರೆದದ್ದಲ್ಲ, ಚಾಟ್‌ಬಾಟ್ ಕೊಟ್ಟದ್ದು. ಆದರೆ ಓದುವಾಗ ಎಲ್ಲ ಅರ್ಥವಾಗಿತ್ತು.’

ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅವಳನ್ನು ಗದರಿಸುವ ಹಕ್ಕು ನನಗಿಲ್ಲ, ಬಿ.ಎಸ್ಸಿ. ಓದುವಾಗ ಗೈಡುಗಳನ್ನು ಉರು ಹೊಡೆದವನು ನಾನೂ ಹೌದು. ಆದರೆ ಒಂದು ವ್ಯತ್ಯಾಸವಿದೆ. ನನ್ನ ಗೈಡಿಗೆ ನನ್ನನ್ನು ಮರುಪ್ರಶ್ನಿಸುವ ಶಕ್ತಿ ಇರಲಿಲ್ಲ. ಅವಳ ಕೈಯಲ್ಲಿದ್ದ ಯಂತ್ರಕ್ಕೆ ಇತ್ತು. ಮಡಿಕೇರಿಯ ಪ್ರಶ್ನೆಯನ್ನು ಹಿಂದಿನ ರಾತ್ರಿಯೇ ಅದು ಕೇಳಬಹುದಾಗಿತ್ತು. ಕೇಳೆಂದು ಅವಳು ಹೇಳಿರಲಿಲ್ಲ, ಅಷ್ಟೆ.

ಚಾಟ್‌ಬಾಟ್ ಎಂದರೆ ಸಂಭಾಷಣೆಯ ರೂಪದಲ್ಲಿ ಉತ್ತರಿಸುವ ಗಣಕ ಕ್ರಮವಿಧಿ. ಇದು ತೀರ ಹೊಸದೇನಲ್ಲ. 1966ರಲ್ಲಿಯೇ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಕ್ರಮವಿಧಿಯನ್ನು ಪ್ರಕಟಿಸಿದ್ದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಚಾತುರ್ಯ. ಆದರೂ ಅದಕ್ಕೆ ನಿಜವಾಗಿ ಅರ್ಥವಾಗುತ್ತಿದೆಯೆಂದು ಜನ ಭಾವಿಸಿದ್ದನ್ನು ಕಂಡು ಸ್ವತಃ ವೈಜೆನ್‌ಬಾಮ್ ಚಕಿತರಾದರು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಶಾಲೆಗಳಲ್ಲಿ ಎದ್ದ ಕೋಲಾಹಲ ನಿಮಗೆ ಗೊತ್ತೇ ಇದೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳು 2023ರ ಜನವರಿಯಲ್ಲಿ ಅದನ್ನು ತಡೆಹಿಡಿದು, ಮೇ ತಿಂಗಳಲ್ಲಿ ಆ ತಡೆಯನ್ನು ತೆಗೆದವು.

ಇಂದಿನ ಚಾಟ್‌ಬಾಟ್ ಕೆಲಸ ಮಾಡುವ ಬಗೆಯನ್ನು ತಿಳಿಯಲು ಒಂದು ಚಿಕ್ಕ ಪ್ರಯೋಗ ಮಾಡೋಣ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ...’ ನಾನು ಇಲ್ಲಿಗೆ ನಿಲ್ಲಿಸಿದರೂ ನಿಮ್ಮ ಬಾಯಲ್ಲಿ ‘ಜಗಳವಿಲ್ಲ’ ಎಂದು ಬಂದೇ ಬಂತು. ಮಾತು ಬಲ್ಲವರು ನಿಜವಾಗಿ ಜಗಳವಾಡುವುದಿಲ್ಲವೇ ಎಂದು ನೀವು ಪರಿಶೀಲಿಸಲಿಲ್ಲ. ಅನೇಕ ಸಲ ಕೇಳಿದ್ದರಿಂದ ಸಾಲು ತಾನಾಗಿ ಪೂರ್ಣಗೊಂಡಿತು. ಚಾಟ್‌ಬಾಟ್‌ನ ಮೂಲ ತಂತ್ರವೂ ಇದೇ. ಅಪಾರ ಪ್ರಮಾಣದ ಬರಹದಿಂದ ತರಬೇತಿ ಪಡೆದು, ಮುಂದೆ ಯಾವ ಪದದ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕಹಾಕುತ್ತಾ ಅದು ವಾಕ್ಯ ಕಟ್ಟುತ್ತದೆ. ಬಹುಪಾಲು ವಾಕ್ಯಗಳು ಸರಿಯಾಗಿಯೇ ಇರುತ್ತವೆ. ತಪ್ಪಿದಾಗ ಮಾತ್ರ ಅದರ ಧಾಟಿ ಬದಲಾಗುವುದಿಲ್ಲ. ಒಮ್ಮೆ ನಾನು ಸ್ಕ್ರಿಪ್ಟ್ ಸಿದ್ಧಪಡಿಸುವಾಗ ಅಂಥದೊಂದು ಯಂತ್ರ ಕನ್ನಡ ವಿಜ್ಞಾನ ಲೇಖಕರೊಬ್ಬರ ಪುಸ್ತಕದ ಹೆಸರನ್ನು ಪ್ರಕಟವಾದ ವರ್ಷದ ಸಮೇತ ಕೊಟ್ಟಿತು. ಗ್ರಂಥಪಾಲಕರು ಅರ್ಧ ದಿನ ಹುಡುಕಿದರು. ಅಂಥ ಪುಸ್ತಕವೇ ಇರಲಿಲ್ಲ.

ಇನ್ನು ಕಲಿಕೆಯ ಮಾತು. 2023ರಲ್ಲಿ ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಗಣಿತದ ಪ್ರಯೋಗವನ್ನು ನೀವು ಅವಶ್ಯವಾಗಿ ತಿಳಿದಿರಬೇಕು. ಒಂದು ಗುಂಪು ಪುಸ್ತಕ, ಟಿಪ್ಪಣಿಗಳಿಂದಲೇ ಅಭ್ಯಾಸ ಮಾಡಿತು. ಎರಡನೆಯ ಗುಂಪಿಗೆ ಸಾಮಾನ್ಯ ಚಾಟ್‌ಬಾಟ್ ಕೊಡಲಾಯಿತು. ಮೂರನೆಯದಕ್ಕೆ ಕೊಟ್ಟ ಚಾಟ್‌ಬಾಟ್‌ಗೆ, ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡಬೇಕೆಂದು ಮೊದಲೇ ಸೂಚಿಸಲಾಗಿತ್ತು. ಅಭ್ಯಾಸದ ಹೊತ್ತಿನಲ್ಲಿ ಪುಸ್ತಕದ ಗುಂಪಿಗಿಂತ ಎರಡನೆಯ ಗುಂಪಿನ ಅಂಕ ಶೇ. 48ರಷ್ಟೂ ಮೂರನೆಯದರದು ಶೇ. 127ರಷ್ಟೂ ಹೆಚ್ಚಿತ್ತು. ಅನಂತರ ಯಂತ್ರಗಳನ್ನು ತೆಗೆದು ಪರೀಕ್ಷೆ ಮಾಡಿದರು. ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಅದನ್ನು ಕಂಡೇ ಇರದವರಿಗಿಂತ ಶೇ. 17ರಷ್ಟು ಕಡಿಮೆ ಅಂಕ ಪಡೆದರು. ಸುಳಿವಿನ ಗುಂಪು ಹೆಚ್ಚುಕಡಿಮೆ ಪುಸ್ತಕದ ಗುಂಪಿನ ಮಟ್ಟದಲ್ಲಿಯೇ ಉಳಿಯಿತು. ಹಿಂದೆ ಬಿದ್ದವರಿಗೆ ತಾವು ಕಡಿಮೆ ಕಲಿತಿದ್ದೇವೆಂದು ಅನ್ನಿಸಿಯೇ ಇರಲಿಲ್ಲ! ‘ಓದುವಾಗ ಎಲ್ಲ ಅರ್ಥವಾಗಿತ್ತು’ ಎಂಬ ನಮ್ಮ ಹುಡುಗಿಯ ಮಾತಿಗೂ ಇದಕ್ಕೂ ಏನು ದೂರ?

ಹಾಗೆಂದು ಚಾಟ್‌ಬಾಟನ್ನು ದೂರವಿಡಿ ಎಂದು ನಾನು ಹೇಳುವುದಿಲ್ಲ. ಕೆಲಸದ ಕ್ರಮವನ್ನು ಹಿಂದುಮುಂದು ಮಾಡಿ ಎನ್ನುತ್ತೇನೆ. ಮೊದಲು ನಿಮ್ಮ ಉತ್ತರ, ಆಮೇಲೆ ಯಂತ್ರ. ಅಂದು ರಾತ್ರಿ ಕುಕ್ಕರಿನ ಪ್ರಶ್ನೆಯನ್ನೇ ಇಟ್ಟುಕೊಂಡು ನಾನು ವಿದ್ಯಾರ್ಥಿಯಂತೆ ಕುಳಿತು ನೋಡಿದೆ. ಬೇಕೆಂದೇ ಅರೆಬರೆ ಉತ್ತರ ಬರೆದೆ: ‘ಕುಕ್ಕರಿನಿಂದ ಹಬೆ ಹೊರಗೆ ಹೋಗುವುದಿಲ್ಲವಾದ್ದರಿಂದ ಶಾಖ ಉಳಿದು ಅನ್ನ ಬೇಗ ಬೇಯುತ್ತದೆ.’ ಅದರ ಕೆಳಗೆ ಹೀಗೆ ಸೇರಿಸಿದೆ: ‘ಸರಿಯುತ್ತರ ಹೇಳಬೇಡ. ನನ್ನ ತರ್ಕ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳು.’

ಅದು ಕೇಳಿತು: ಹಾಗಿದ್ದರೆ ತಟ್ಟೆ ಮುಚ್ಚಿದ ಪಾತ್ರೆಯಲ್ಲಿಯೂ ಅಷ್ಟೇ ಬೇಗ ಬೇಯಬೇಕಲ್ಲವೇ? ನಾನು ಒತ್ತಡದ ಮಾತು ತೆಗೆದೆ. ಒತ್ತಡ ಹೆಚ್ಚಿದರೆ ನೀರಿಗೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಕುಕ್ಕರಿನೊಳಗೆ ಒತ್ತಡ ವಾತಾವರಣದ್ದರ ಸುಮಾರು ಎರಡರಷ್ಟಾಗುವುದರಿಂದ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಬಿಸಿಯಾಗುತ್ತದೆ ಎಂದು ಬರೆದೆ. ಮೂರನೆಯ ಪ್ರಶ್ನೆ ಏನಿತ್ತು ಗೊತ್ತೇ? ಒತ್ತಡ ಕಡಿಮೆಯಾಗುವ ಎತ್ತರದ ಊರಿನಲ್ಲಿ ಏನಾದೀತು ಎಂದು! ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಆದ್ದರಿಂದ ತೆರೆದ ಪಾತ್ರೆಯ ಅನ್ನ ಮಂಗಳೂರಿನಲ್ಲಿಯೇ ಬೇಗ ಬೇಯುತ್ತದೆ. ಇದನ್ನು ಕಂಡುಕೊಳ್ಳಲು ಹದಿನೈದು ನಿಮಿಷ ಹಿಡಿಯಿತು. ಸಿದ್ಧ ಉತ್ತರವಾಗಿದ್ದರೆ ಹದಿನೈದು ಸೆಕೆಂಡು ಸಾಕಿತ್ತು, ಒಪ್ಪುತ್ತೇನೆ.

ಕನ್ನಡ ಮಾಧ್ಯಮದವರು ಸ್ವಲ್ಪ ಹೆಚ್ಚು ಎಚ್ಚರದಿಂದಿರಬೇಕು. ಈ ಯಂತ್ರಗಳ ತರಬೇತಿಗೆ ಇಂಗ್ಲಿಷಿನಲ್ಲಿ ದೊರೆತಷ್ಟು ಬರಹ ಕನ್ನಡದಲ್ಲಿ ದೊರೆತಿಲ್ಲ. ಆದ್ದರಿಂದ ಭಾಷೆ ಸರಾಗವಾಗಿದ್ದರೂ ಪಾರಿಭಾಷಿಕ ಪದಗಳು ಅದಲುಬದಲಾಗುವುದುಂಟು. ದ್ರವ್ಯರಾಶಿ ಎನ್ನಬೇಕಾದಲ್ಲಿ ತೂಕ ಎಂದುಬಿಟ್ಟರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ನಿಮ್ಮದೇ. ಪಠ್ಯಪುಸ್ತಕ ತೆರೆದಿಟ್ಟುಕೊಂಡೇ ಕೇಳಿ. ಹೆಸರು, ಇಸವಿ, ಪುಸ್ತಕಗಳ ವಿಷಯದಲ್ಲಂತೂ ಗ್ರಂಥಾಲಯವನ್ನೇ ನಂಬಿ. ನಿಮ್ಮ ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಗೆಳೆಯರ ಗುಟ್ಟುಗಳನ್ನು ಅದಕ್ಕೆ ಹೇಳುವ ಅಗತ್ಯವಿಲ್ಲ. 2023ರಲ್ಲಿ ಯುನೆಸ್ಕೋ ಹೊರತಂದ ಮಾರ್ಗಸೂಚಿಯು ತರಗತಿಯಲ್ಲಿ ಇವುಗಳ ಬಳಕೆಗೆ 13 ವರ್ಷದ ಕನಿಷ್ಠ ವಯೋಮಿತಿ ಇರಲಿ ಎಂದಿದೆ. ಚಿಕ್ಕವರು ದೊಡ್ಡವರ ಜೊತೆಗೇ ಕುಳಿತುಕೊಳ್ಳಲಿ.

ಈ ಪುಟ ಓದುವ ಉಪಾಧ್ಯಾಯರಿಗೂ ಒಂದು ಮಾತು. ನಾಳೆಯ ಪಾಠದಲ್ಲಿ ಮಕ್ಕಳು ಎಡವಬಹುದಾದ ಐದು ತಪ್ಪು ಕಲ್ಪನೆಗಳನ್ನು ಹೇಳೆಂದು ಯಂತ್ರವನ್ನು ಕೇಳಿ ನೋಡಿ. ಐದರಲ್ಲಿ ಎರಡು ನಿಮ್ಮ ತರಗತಿಗೆ ಒಪ್ಪಿದರೂ ಲಾಭವೇ.

‘ಸಾರ್, ನಮ್ಮ ಮನೆಯಲ್ಲಿ ಇರುವುದು ಒಂದೇ ಮೊಬೈಲು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಮಾತ್ರ ಕೈಗೆ ಸಿಗುತ್ತದೆ’ ಎನ್ನುವವರು ನಿಮ್ಮಲ್ಲಿ ಅನೇಕರಿರಬಹುದು. ಈ ಕೆಲಸಕ್ಕೆ ಅರ್ಧ ಗಂಟೆ ಧಾರಾಳವಾಯಿತು. ಹಗಲಿಡೀ ಪ್ರಶ್ನೆಯನ್ನೂ ನಿಮ್ಮ ಉತ್ತರವನ್ನೂ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸಂಜೆಗೆ ಆ ಪುಟವೇ ನಿಮ್ಮ ಬಂಡವಾಳ. ನಾಲ್ವರು ಗೆಳೆಯರು ಸೇರಿದರೆ ಇನ್ನೂ ಒಳ್ಳೆಯದು; ಯಂತ್ರ ಪ್ರಶ್ನೆ ಕೇಳುವ ಮೊದಲೇ ನಿಮ್ಮಲ್ಲಿ ಒಬ್ಬರು ಕೇಳಿರುತ್ತಾರೆ.

ಇಂದೇ ಆರಂಭಿಸುವುದಾದರೆ ಒಂದು ಪ್ರಶ್ನೆ: ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲುತ್ತದೆ, ನೀರು ಹಾಗೆ ಉಕ್ಕುವುದಿಲ್ಲ. ಏಕೆ? ನಾಲ್ಕು ಸಾಲು ಬರೆಯಿರಿ, ತಪ್ಪಾದರೂ ಚಿಂತೆಯಿಲ್ಲ. ಉತ್ತರವನ್ನು ನಾನು ಇಲ್ಲಿ ಕೊಡುವುದಿಲ್ಲ.