ಸಾವಿರ ಗುಡ್ಡಗಳ ನಾಡಿನಲ್ಲಿ ಎಂಟು ದಿನ

ಆಫ್ರಿಕಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಮರಳುಗಾಡು, ಇಲ್ಲವೇ ಸೂರ್ಯನ ಬೆಳಕೇ ಬೀಳದ ಕಗ್ಗಾಡು. ರುವಾಂಡ ಎರಡೂ ಅಲ್ಲ. ಅದು ಗುಡ್ಡಗಳ ನಾಡು. ಗುಡ್ಡದ ನೆತ್ತಿಯ ತನಕ ಬಾಳೆ, ಮರಗೆಣಸು, ಬೀನ್ಸ್. ಕೆಂಪು ಮಣ್ಣಿನ ದಾರಿ, ಅಲ್ಲಲ್ಲಿ ಹಂಚಿನ ಮನೆಗಳು. ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ಬಸ್ಸಿನಲ್ಲಿ ನಿದ್ದೆ ಹೋದವನನ್ನು ಅಲ್ಲಿ ಎಬ್ಬಿಸಿ ಕೂರಿಸಿದರೆ ಸ್ವಲ್ಪ ಹೊತ್ತು ವ್ಯತ್ಯಾಸ ತಿಳಿಯಲಿಕ್ಕಿಲ್ಲ. ವಿಸ್ತಾರ 26,338 ಚದರ ಕಿಲೋಮೀಟರ್, ಅಂದರೆ ನಮ್ಮ ಕೇರಳಕ್ಕಿಂತಲೂ ಚಿಕ್ಕದು. 2022ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 1 ಕೋಟಿ 32 ಲಕ್ಷ.

ರಾಜಧಾನಿ ಕಿಗಾಲಿಯಲ್ಲಿ ನಮ್ಮ ಭಾವನವರು ಒಂದು ಸಗಟು ಅಂಗಡಿಯ ಲೆಕ್ಕಪತ್ರ ನೋಡಿಕೊಂಡಿದ್ದಾರೆ. ಅಕ್ಕ ಬಹಳ ವರ್ಷಗಳಿಂದ ಕರೆಯುತ್ತಿದ್ದಳು. ಕಳೆದ ಬೇಸಿಗೆ ರಜೆಯಲ್ಲಿ ಎಪ್ರಿಲ್ ಎರಡನೇ ವಾರ ಹೊರಟೆ. ಅಕ್ಕನಿಗೆಂದು ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ ವಿಮಾನ ನಿಲ್ದಾಣ ದಾಟಿತು, ಅದನ್ನು ಸುತ್ತಿದ್ದ ಪ್ಲಾಸ್ಟಿಕ್ ಚೀಲ ಮಾತ್ರ ದಾಟಲಿಲ್ಲ. 2008ರಿಂದಲೇ ಆ ದೇಶದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ. ತಿಂಗಳ ಕೊನೆಯ ಶನಿವಾರ ಊರಿಗೆ ಊರೇ ಗುದ್ದಲಿ, ಪೊರಕೆ ಹಿಡಿದು ರಸ್ತೆಗಿಳಿಯುವ ಪದ್ಧತಿ ಉಂಟು. ಅದಕ್ಕೆ 'ಉಮುಗಾಂಡ' ಎನ್ನುತ್ತಾರೆ. ಪೇಟೆ ಅಷ್ಟು ಚೊಕ್ಕಟವಾಗಿರುವುದರ ಗುಟ್ಟು ಅದು.

ನಾನು ತಲುಪಿದ್ದು ಅವರ ಶೋಕದ ವಾರದಲ್ಲಿ. ಪ್ರತಿ ವರ್ಷ ಎಪ್ರಿಲ್ 7ರಿಂದ ಒಂದು ವಾರ ಅಲ್ಲಿ ವಾದ್ಯವಿಲ್ಲ, ಮದುವೆಯ ಗದ್ದಲವಿಲ್ಲ. ಊರೂರಿನಲ್ಲಿ ಜನ ಒಂದೆಡೆ ಸೇರಿ 1994ನ್ನು ನೆನೆಯುತ್ತಾರೆ. ಆ ವರ್ಷ ಎಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಅವರ ವಿಮಾನವನ್ನು ಕಿಗಾಲಿಯ ಮೇಲೆ ಹೊಡೆದುರುಳಿಸಲಾಯಿತು. ಮರುದಿನದಿಂದ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಜನ ಕೊಲ್ಲಲ್ಪಟ್ಟರು. ಸತ್ತವರಲ್ಲಿ ಬಹುಪಾಲು ತುತ್ಸಿಗಳು, ಜೊತೆಗೆ ಕೊಲೆಗೆ ಒಪ್ಪದ ಹುತುಗಳು. ಕೊಂದವರಲ್ಲಿ ಸೈನಿಕರಿದ್ದರು, ಪುಂಡರ ಪಡೆಯಿತ್ತು, ನೆರೆಮನೆಯವರೂ ಇದ್ದರು. ಹೆಚ್ಚಿನ ಕಡೆ ಆಯುಧ ತೋಟದ ಕತ್ತಿಯೇ. ಒಂದು ರೇಡಿಯೋ ನಿಲಯ ತುತ್ಸಿಗಳನ್ನು ಜಿರಳೆಗಳೆಂದು ಕರೆದು, ಅಡಗಿದವರ ಹೆಸರುಗಳನ್ನೂ ಸಾರುತ್ತಿತ್ತು. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯನ್ನು ಹೆಚ್ಚಿಸುವ ಬದಲು 270 ಮಂದಿಗೆ ಇಳಿಸಲು ಭದ್ರತಾ ಮಂಡಳಿ ಎಪ್ರಿಲ್ 21ರಂದು ತೀರ್ಮಾನಿಸಿತು.

ಓದುಗರು ಕೇಳಬಹುದು, ಈ ಹುತು, ತುತ್ಸಿ ಎಂದರೆ ಎರಡು ಭಾಷೆಯವರೇ, ಎರಡು ಮತದವರೇ? ಅಲ್ಲ. ಇಬ್ಬರ ಮಾತೂ ಕಿನ್ಯರುವಾಂಡ. ಇಬ್ಬರೂ ಹೋಗುವುದು ಅದೇ ಚರ್ಚಿಗೆ. ಮದುವೆ ಸಂಬಂಧಗಳೂ ನಡೆಯುತ್ತಿದ್ದವು. ನಮ್ಮ ಕಾಸರಗೋಡಿನ ಒಂದು ಬಸ್ಸಿನೊಳಗೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಒಟ್ಟಿಗೆ ಕೇಳಿಸುತ್ತವೆ. ಭಾಷೆ ಹಲವಾದದ್ದೇ ಜಗಳದ ಬೇರು ಎಂದು ಭಾಷಣ ಮಾಡುವವರು ಒಮ್ಮೆ ರುವಾಂಡಕ್ಕೆ ಹೋಗಿ ಬರಬೇಕು.

ಹಿಂದೆ ದನ ಸಾಕುವವರು, ಬೇಸಾಯ ಮಾಡುವವರು ಎಂಬಂತಿದ್ದ ಸಡಿಲ ಗೆರೆಯನ್ನು ಕಲ್ಲಿನಲ್ಲಿ ಕೊರೆದವರು ಬೆಲ್ಜಿಯಮಿನ ಆಡಳಿತಗಾರರು. 1930ರ ದಶಕದಲ್ಲಿ ಅವರು ಎಲ್ಲರಿಗೂ ಗುರುತುಚೀಟಿ ಹಂಚಿ, ಹುತು, ತುತ್ಸಿ ಅಥವಾ ತ್ವಾ ಎಂದು ಅದರಲ್ಲಿ ಬರೆದರು. ಮೊದಲು ತುತ್ಸಿಗಳನ್ನು ಮೇಲೆತ್ತಿದರು, ಕೊನೆಗಾಲದಲ್ಲಿ ಹುತುಗಳ ಕಡೆಗೆ ವಾಲಿದರು. 1959ರಿಂದ ತುತ್ಸಿಗಳ ಮೇಲೆ ದಾಳಿಗಳಾಗಿ ಲಕ್ಷಾಂತರ ಜನ ನೆರೆದೇಶಗಳಿಗೆ ಓಡಿದರು. 1962ರ ಜುಲೈ 1ರಂದು ಸ್ವಾತಂತ್ರ್ಯ ಬಂತು. ಬಿಳಿಯರು ಹೋದರು, ಅವರ ಚೀಟಿ ಉಳಿಯಿತು. 1994ರಲ್ಲಿ ರಸ್ತೆ ತಡೆಗಳಲ್ಲಿ ಕೇಳಿದ್ದು ಅದೇ ಚೀಟಿಯನ್ನು.

ಶಾಲೆಗಳಲ್ಲೂ ಇದೇ ಲೆಕ್ಕ. ಅಧ್ಯಾಪಕರು ತರಗತಿಯಲ್ಲಿ "ತುತ್ಸಿಗಳು ಎದ್ದು ನಿಲ್ಲಿ" ಎನ್ನುತ್ತಿದ್ದುದನ್ನು ಬದುಕುಳಿದ ಅನೇಕರು ನೆನಪಿಸಿಕೊಂಡಿದ್ದಾರೆ. ತಾನು ಯಾರೆಂದು ಮಗುವಿಗೆ ಮೊದಲು ತಿಳಿಯುತ್ತಿದ್ದುದು ಎಷ್ಟೋ ಸಲ ಹಾಗೆ. ಹೈಸ್ಕೂಲು ಪ್ರವೇಶದಲ್ಲಿ ಅವರಿಗೆ ಮಿತಿ ಇತ್ತು. 1973ರಲ್ಲಿ ತುತ್ಸಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಶಾಲೆಗಳಿಂದ ಅಟ್ಟಲಾಯಿತು. ಹಾಜರಿ ಪುಸ್ತಕ ನಮಗೆ ದಿನನಿತ್ಯದ ಕೆಲಸ. ಅದರಲ್ಲಿ ಒಂದು ಕಾಲಂ ಹೆಚ್ಚಾದರೆ ಏನಾಗುತ್ತದೆ ಎಂದು ನಾವು ಯೋಚಿಸುವುದಿಲ್ಲ.

ಕಿಗಾಲಿಯ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿ ನ್ಯಾಮಾಟ ಎಂಬ ಊರಿದೆ. ಬುಗೆಸೆರ ಎಂಬ ಪ್ರದೇಶ ಅದು. ಅಲ್ಲಿಯ ಚರ್ಚನ್ನು ಈಗ ಸ್ಮಾರಕವಾಗಿ ಉಳಿಸಿದ್ದಾರೆ. 1992ರಲ್ಲಿ ಗಲಭೆಯಾದಾಗ ಆ ಚರ್ಚನ್ನು ಹೊಕ್ಕವರು ಬದುಕಿದ್ದರು. 1994ರಲ್ಲೂ ಸಾವಿರಾರು ಮಂದಿ ಅದೇ ನಂಬಿಕೆಯಿಂದ ಬಂದರು. ಈ ಸಲ ಯಾರನ್ನೂ ಬಿಡಲಿಲ್ಲ. ಮಾಡಿನ ತಗಡಿನಲ್ಲಿ ತೂತುಗಳು ಹಾಗೆಯೇ ಇವೆ. ಸತ್ತವರ ಬಟ್ಟೆಗಳನ್ನು ಬೆಂಚುಗಳ ಮೇಲೆ ರಾಶಿ ಹಾಕಿದ್ದಾರೆ. ಮಣ್ಣಿನ ಬಣ್ಣಕ್ಕೆ ತಿರುಗಿದ ಆ ಬಟ್ಟೆಗಳಲ್ಲಿ ಮಕ್ಕಳವೂ ಇವೆ. ಹೆಚ್ಚು ಬರೆಯಲಾರೆ. ಹೊರಗೆ ಒಂದು ಗೋರಿ ಉಂಟು. ಇಟಲಿಯ ಅಂತೋನಿಯಾ ಲೊಕಾಟೆಲ್ಲಿ ಎಂಬಾಕೆಯದ್ದು. 1992ರ ಮಾರ್ಚಿನಲ್ಲಿ ಇಲ್ಲಿ ಕೊಲೆಗಳಾಗುತ್ತಿವೆ ಎಂದು ವಿದೇಶದ ರೇಡಿಯೋಗಳಿಗೆ ತಿಳಿಸಿದ್ದಕ್ಕಾಗಿ ಆಕೆಯನ್ನು ಗುಂಡಿಟ್ಟು ಕೊಂದರು. ಎರಡು ವರ್ಷ ಮೊದಲೇ ಕೂಗಿ ಹೇಳಿದವರೊಬ್ಬರಿದ್ದರು ಎಂದಾಯಿತು. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ರುವಾಂಡದ ನಾಲ್ಕು ಸ್ಮಾರಕಗಳಲ್ಲಿ ನ್ಯಾಮಾಟವೂ ಒಂದು.

ಇದೇ ಬುಗೆಸೆರಕ್ಕೂ ದೇಶದ ಪೂರ್ವ ಗಡಿಯ ಅಕಗೇರ ಅಭಯಾರಣ್ಯಕ್ಕೂ ಒಂದು ಸಂಬಂಧವಿದೆ. 1959ರ ಬಳಿಕ ಮನೆಮಾರು ಕಳಕೊಂಡ ತುತ್ಸಿಗಳನ್ನು ಲಾರಿಗಳಲ್ಲಿ ತಂದು ಬುಗೆಸೆರದಲ್ಲಿ ಇಳಿಸಿದ್ದರು. ಆಗ ಅದು ಜೌಗು, ಪೊದೆಗಾಡು, ನಿದ್ರಾರೋಗ ಹರಡುವ ತ್ಸೆತ್ಸೆ ನೊಣದ ನೆಲೆ. ಆನೆಗಳಿದ್ದವು. ಜನ ಕಾಡು ಕಡಿದು ಬೇಸಾಯಕ್ಕಿಳಿದ ಮೇಲೆ ಆನೆಗಳಿಗೆ ಎಡೆಯಿಲ್ಲವಾಯಿತು. 1975ರಲ್ಲಿ ದೊಡ್ಡ ಆನೆಗಳನ್ನು ಗುಂಡಿಟ್ಟು ಕೊಂದು, 26 ಮರಿಗಳನ್ನು ಮಾತ್ರ ಅಕಗೇರಕ್ಕೆ ಸಾಗಿಸಿದರು. ಈಗ ಅಲ್ಲಿರುವ ಆನೆಗಳೆಲ್ಲ ಆ ಅನಾಥ ಮರಿಗಳ ಬಳಗ. ಅವುಗಳಲ್ಲೊಂದು 'ಮುತ್ವಾರೆ' ಎಂಬ ಹೆಸರಿನ ಸಲಗ. ಮುತ್ವಾರೆ ಎಂದರೆ ಒಡೆಯ. ವಾಹನಗಳನ್ನು ಕಂಡರೆ ಉರುಳಿಸುವುದರಲ್ಲಿ ಅದು ಹೆಸರುವಾಸಿಯಾಗಿತ್ತು, 2018ರಲ್ಲಿ ಸತ್ತಿತು. ತಾಯಿಯನ್ನು ಕಳಕೊಂಡು ಲಾರಿ ಹತ್ತಿದ ಮರಿಗೆ ವಾಹನದ ಮೇಲೆ ಪ್ರೀತಿ ಹುಟ್ಟಬೇಕೆಂದು ನಾವು ಹೇಗೆ ನಿರೀಕ್ಷಿಸುವುದು?

ಅಕಗೇರವನ್ನು ರಕ್ಷಿತ ಪ್ರದೇಶವಾಗಿ ಘೋಷಿಸಿದ್ದು 1934ರಲ್ಲಿ. 1994ರ ನಂತರ ಅದೂ ಹಾಳಾಯಿತು. ಮೂವತ್ತೈದು ವರ್ಷ ಉಗಾಂಡ, ತಾಂಜಾನಿಯಗಳಲ್ಲಿ ನಿರಾಶ್ರಿತರಾಗಿದ್ದವರು ದನಗಳ ಸಮೇತ ಹಿಂತಿರುಗಿದರು. ಅವರಿಗೆ ನೆಲ ಬೇಕು. 1997ರಲ್ಲಿ ಅಭಯಾರಣ್ಯದ ಅರ್ಧಕ್ಕೂ ಹೆಚ್ಚು ಭಾಗವನ್ನು ಬಿಟ್ಟುಕೊಡಬೇಕಾಯಿತು. ದನ ಹಿಡಿಯುವ ಸಿಂಹಗಳಿಗೆ ವಿಷವಿಟ್ಟರು. ಕೆಲವೇ ವರ್ಷಗಳಲ್ಲಿ ಸಿಂಹದ ಸಂತತಿ ಅಲ್ಲಿ ಅಳಿಯಿತು, ಖಡ್ಗಮೃಗವೂ ಇಲ್ಲವಾಯಿತು. ಇದನ್ನು ಬರಿಯ ಕ್ರೌರ್ಯವೆಂದು ತೀರ್ಪು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಮನೆಯೇ ಇಲ್ಲದವನಿಗೆ ನಾಲ್ಕು ದನ ಬಿಟ್ಟರೆ ಬೇರೇನಿತ್ತು?

2010ರಿಂದ ಸರಕಾರವು ಆಫ್ರಿಕನ್ ಪಾರ್ಕ್ಸ್ ಸಂಸ್ಥೆಯ ಜೊತೆಗೂಡಿ ಅರಣ್ಯವನ್ನು ನೋಡಿಕೊಳ್ಳುತ್ತಿದೆ. 2013ರಲ್ಲಿ ಹಳ್ಳಿಗಳ ಬದಿಗೆ 120 ಕಿಲೋಮೀಟರ್ ಉದ್ದದ ವಿದ್ಯುತ್ ಬೇಲಿ ಮುಗಿಯಿತು. 2015ರಲ್ಲಿ ದಕ್ಷಿಣ ಆಫ್ರಿಕಾದಿಂದ ಏಳು ಸಿಂಹಗಳು ಬಂದವು, 2017ರಲ್ಲಿ 18 ಕಪ್ಪು ಖಡ್ಗಮೃಗಗಳು. ಸುತ್ತಲಿನ ಹಳ್ಳಿಗಳ ಯುವಕರೇ ಮಾರ್ಗದರ್ಶಿಗಳು. ನಮ್ಮ ಜೊತೆ ಜೀಪಿನಲ್ಲಿದ್ದ ಹುಡುಗ ಹಕ್ಕಿಯ ಕೂಗು ಕೇಳಿಯೇ ಹೆಸರು ಹೇಳುತ್ತಿದ್ದ. ಜೀಬ್ರಾ, ಜಿರಾಫೆ, ಕಾಡುಕೋಣ, ದೂರದಲ್ಲಿ ಆನೆಗಳ ಒಂದು ಹಿಂಡು, ಇಹೇಮಾ ಸರೋವರದಲ್ಲಿ ಮೂಗು ಮಾತ್ರ ಹೊರಗಿಟ್ಟ ನೀರಾನೆಗಳು ಕಂಡವು. ಸಿಂಹ ಕಾಣಲಿಲ್ಲ. ಮಳೆಗಾಲವಾದ್ದರಿಂದ ಹುಲ್ಲು ಆಳುದ್ದ ಬೆಳೆದಿತ್ತು.

ಇನ್ನು ಗೊರಿಲ್ಲಾ. ರುವಾಂಡಕ್ಕೆ ಹೋಗಿ ಗೊರಿಲ್ಲಾ ನೋಡದೆ ಬಂದೆಯಾ ಎಂದು ಎಲ್ಲರೂ ಕೇಳುತ್ತಾರೆ. ಉತ್ತರದ ಜ್ವಾಲಾಮುಖಿ ಬೆಟ್ಟಗಳಲ್ಲಿ ಒಂದು ಗಂಟೆ ಅವುಗಳನ್ನು ನೋಡಲು ವಿದೇಶಿಯರಿಗೆ 2017ರಿಂದ ಶುಲ್ಕ 1,500 ಡಾಲರ್. ಒಂದು ತಂಡದಲ್ಲಿ ಎಂಟೇ ಜನ. ಅಧ್ಯಾಪಕನ ಸಂಬಳಕ್ಕೆ ಅದು ದಕ್ಕುವ ದರ್ಶನವಲ್ಲ. ಆದರೂ ಶುಲ್ಕ ಹೆಚ್ಚಾಯಿತೆಂದು ನಾನು ದೂರುವುದಿಲ್ಲ. ಉದ್ಯಾನಗಳ ಪ್ರವಾಸೋದ್ಯಮದ ಆದಾಯದ ಶೇಕಡಾ 10 ಸುತ್ತಲಿನ ಹಳ್ಳಿಗಳ ಶಾಲೆ, ಆಸ್ಪತ್ರೆ, ನೀರಿಗೆ ಹೋಗುತ್ತದೆ. ಡಯಾನ್ ಫಾಸಿ ಎಂಬ ಅಮೆರಿಕದ ವಿದುಷಿ 1967ರಿಂದ ಅಲ್ಲಿ ಬೀಡುಬಿಟ್ಟು ಈ ಪ್ರಾಣಿಗಳಿಗಾಗಿ ಹೋರಾಡಿ, 1985ರ ದಶಂಬರದಲ್ಲಿ ತನ್ನ ಗುಡಿಸಲಿನಲ್ಲೇ ಕೊಲೆಯಾದಳು. 1980ರ ದಶಕದ ಆರಂಭದಲ್ಲಿ ಆ ಬೆಟ್ಟಗಳಲ್ಲಿ ಇನ್ನೂರೈವತ್ತರಷ್ಟಕ್ಕೆ ಇಳಿದಿದ್ದ ಗೊರಿಲ್ಲಾಗಳು 2016ರ ಎಣಿಕೆಯಲ್ಲಿ 604 ಆಗಿವೆ.

ಎಲ್ಲವೂ ಸರಿಹೋಗಿದೆ ಎಂದು ಹೇಳಲು ಬರುವುದಿಲ್ಲ. 2000ದಿಂದ ಪಾಲ್ ಕಗಾಮೆ ಅವರೇ ಅಧ್ಯಕ್ಷರು, ವಿರೋಧದ ಮಾತಿಗೆ ಅಲ್ಲಿ ಎಡೆ ಕಡಿಮೆ. ಪಕ್ಕದ ಕಾಂಗೋದ ಬಂಡುಕೋರರಿಗೆ ರುವಾಂಡದ ಸೇನೆ ಬೆಂಬಲವಾಗಿದೆಯೆಂದು ವಿಶ್ವಸಂಸ್ಥೆಯ ತಜ್ಞರು ವರದಿ ಕೊಟ್ಟಿದ್ದಾರೆ. 2025ರ ಜನವರಿಯಲ್ಲಿ ಆ ಬಂಡುಕೋರರು ಗೋಮಾ ನಗರವನ್ನೇ ಹಿಡಿದರು. ಕೊಂದವರ ವಿಚಾರಣೆ 2002ರಿಂದ 2012ರ ತನಕ 'ಗಚಾಚ' ಎಂಬ ಊರ ಪಂಚಾಯತಿಗಳಲ್ಲಿ ಹುಲ್ಲುಹಾಸಿನ ಮೇಲೆ ನಡೆಯಿತು. ಹತ್ತು ಲಕ್ಷಕ್ಕೂ ಮಿಕ್ಕಿ ಪ್ರಕರಣಗಳು. ಶಿಕ್ಷೆ ಮುಗಿಸಿದವನೂ ಅವನಿಂದ ಮನೆಯವರನ್ನು ಕಳಕೊಂಡವಳೂ ಒಂದೇ ಬಾವಿಯ ನೀರು ಸೇದುವ ಊರುಗಳಿವೆ. ಗುರುತುಚೀಟಿಯಲ್ಲಿ ಈಗ ಆ ಕಾಲಂ ಇಲ್ಲ. ನೀವು ಯಾವ ಜನ ಎಂದು ಪ್ರವಾಸಿ ಕೇಳಲೂ ಬಾರದು. ಭಾವ ಮೊದಲ ದಿನವೇ ನನಗೆ ಎಚ್ಚರಿಸಿದ್ದರು: "ಮಾಸ್ತರಿಕೆಯ ಪ್ರಶ್ನೆಗಳನ್ನು ಇಲ್ಲಿ ತೆಗೆಯಬೇಡ."

ಊರಿಗೆ ಮರಳುವ ಎರಡು ದಿನ ಮೊದಲು ಕಿವು ಸರೋವರದ ಕಡೆಗೆ ಹೋಗುವಾಗ ನ್ಯಾಂಗೆ ಎಂಬಲ್ಲಿ ಕಾರು ನಿಲ್ಲಿಸಲು ನಾನೇ ಹೇಳಿದೆ. ಆ ಊರಿನ ಚರ್ಚಿನಲ್ಲಿ 1994ರ ಎಪ್ರಿಲಿನಲ್ಲಿ ಆಶ್ರಯ ಪಡೆದ ಕನಿಷ್ಠ 1,500 ಮಂದಿಯನ್ನು ಬುಲ್ಡೋಜರಿನಿಂದ ಕಟ್ಟಡವನ್ನೇ ಕೆಡವಿ ಕೊಂದರು. ಅದಕ್ಕೆ ಸಮ್ಮತಿಸಿದ ಪಾದ್ರಿಗೆ ಅಂತಾರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ನನಗೆ ನೋಡಬೇಕಾಗಿದ್ದದ್ದು ಅಲ್ಲಿಯ ಹೈಸ್ಕೂಲು.

1997ರ ಮಾರ್ಚ್ 18ರ ರಾತ್ರಿ, ಸೋತು ಓಡಿದ್ದ ಹಳೆಯ ಪಡೆಯ ಬಂದೂಕುಧಾರಿಗಳು ಈ ಶಾಲೆಗೆ ನುಗ್ಗಿದರು. ಮೇಲಿನ ತರಗತಿಗಳ ಮಕ್ಕಳು ರಾತ್ರಿಯ ಓದಿಗೆ ಕುಳಿತಿದ್ದರು. ಹುತುಗಳು ಒಂದು ಬದಿಗೆ, ತುತ್ಸಿಗಳು ಇನ್ನೊಂದು ಬದಿಗೆ ಎಂದು ಆಜ್ಞೆಯಾಯಿತು. ಆಗ ಹುತು ಮಕ್ಕಳು ಎದ್ದು ಬದಿಗೆ ಹೋದರೆ ಬದುಕುತ್ತಿದ್ದರು. ಯಾರೂ ಏಳಲಿಲ್ಲ. ಇಲ್ಲಿ ಹುತು, ತುತ್ಸಿ ಎಂದಿಲ್ಲ, ನಾವೆಲ್ಲ ರುವಾಂಡದವರು ಎಂಬುದೇ ಉತ್ತರ. ಬಂದವರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಆರು ವಿದ್ಯಾರ್ಥಿಗಳು ಸತ್ತರು, ಹಲವರು ಗಾಯಗೊಂಡರು. ಮೂರು ವರ್ಷ ಹಿಂದಷ್ಟೇ ಅದೇ ಊರಿನಲ್ಲಿ ಏನು ನಡೆದಿತ್ತೆಂದು ಆ ಮಕ್ಕಳಿಗೆ ಗೊತ್ತಿತ್ತು. ಯಾರೂ ಅವರಿಗೆ ಈ ಉತ್ತರವನ್ನು ಬಾಯಿಪಾಠ ಮಾಡಿಸಿರಲಿಲ್ಲ.

ನಾನು ಹೋದಾಗ ರಜೆ, ಕೊಠಡಿಗಳಿಗೆ ಬೀಗ. 2008ರಿಂದ ಅಲ್ಲಿ ಬೋಧನಾ ಮಾಧ್ಯಮ ಫ್ರೆಂಚಿನಿಂದ ಇಂಗ್ಲಿಷಿಗೆ ಬದಲಾಗಿದೆ. ಕನ್ನಡ ಮಾಧ್ಯಮದವನಾದ ನನಗೆ ಅದರ ಮೇಲೂ ಹೇಳುವುದಿತ್ತು, ಅಲ್ಲಿ ನಿಂತಾಗ ಹೇಳಬೇಕೆನಿಸಲಿಲ್ಲ. ನ್ಯಾಂಗೆಯ ವಿದ್ಯಾರ್ಥಿಗಳನ್ನು, ಸತ್ತವರನ್ನೂ ಉಳಿದವರನ್ನೂ ಸೇರಿಸಿ, 2001ರಲ್ಲಿ ರಾಷ್ಟ್ರದ ವೀರರೆಂದು ಘೋಷಿಸಿದ್ದಾರೆ. ಫೆಬ್ರವರಿ 1 ಅಲ್ಲಿ ವೀರರ ದಿನ. ಆ ರಾತ್ರಿ ಬೆಂಚು ಬಿಟ್ಟು ಏಳದೆ ಬದುಕುಳಿದವರು ಈಗ ಹೆಚ್ಚುಕಡಿಮೆ ನನ್ನದೇ ಪ್ರಾಯದವರು.